ಹೊಸ ಪ್ರಭೇದದ ಮೊದಲ ಪ್ರಾಣಿಗೆ ಜೊತೆ ಎಲ್ಲಿಂದ ಬಂತು?

ಮುಲುಂಡಿನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯ ಪುಸ್ತಕದಲ್ಲಿ ಅನುವಂಶಿಕತೆ ಮತ್ತು ವಿಕಾಸವನ್ನು ಕುರಿತ ಪಾಠವಿದೆ. ಅದರಲ್ಲಿ ನೈಸರ್ಗಿಕ ಆಯ್ಕೆಯ ಭಾಗವನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. ಹುಟ್ಟುವ ಮರಿಗಳೆಲ್ಲ ಬದುಕುವುದಿಲ್ಲ, ಒಂದು ಮರಿಗೂ ಇನ್ನೊಂದಕ್ಕೂ ಚಿಕ್ಕಪುಟ್ಟ ವ್ಯತ್ಯಾಸಗಳಿರುತ್ತವೆ, ಅವುಗಳಲ್ಲಿ ಕೆಲವು ಬದುಕುಳಿಯಲು ನೆರವಾಗುತ್ತವೆ, ಹಾಗೆ ನೆರವಾದ ಗುಣಗಳು ಮುಂದಿನ ತಲೆಮಾರಿನಲ್ಲಿ ಹೆಚ್ಚುತ್ತವೆ. ಇಷ್ಟಕ್ಕೆ ಯಾರ ತಕರಾರೂ ಇರುವುದಿಲ್ಲ. ತೊಡಕು ಎದುರಾಗುವುದು ಒಂದು ಪ್ರಭೇದದಿಂದ ಇನ್ನೊಂದು ಪ್ರಭೇದ ಹುಟ್ಟುವ ಮಾತು ಬಂದಾಗ.

ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಟೀಚರ್, ಎರಡು ಬೇರೆ ಪ್ರಭೇದಗಳು ಕೂಡಿದರೆ ಫಲವತ್ತಾದ ಸಂತಾನ ಹುಟ್ಟುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆ ಬಂಜೆಯಾಗಿರುತ್ತದೆ ಎಂದಿರಿ. ಹಾಗಾದರೆ ಹೊಸ ಪ್ರಭೇದದ ಮೊಟ್ಟಮೊದಲ ಪ್ರಾಣಿ ಹುಟ್ಟಿದಾಗ ಅದು ಯಾರ ಜೊತೆ ಕೂಡಿ ಮರಿ ಹಾಕಿತು? ಹಳೆಯ ಪ್ರಭೇದದ ಜೊತೆ ಕೂಡಿದ್ದರೆ ಅದು ಹೊಸ ಪ್ರಭೇದವಲ್ಲ. ಕೂಡದಿದ್ದರೆ ಅದರ ವಂಶ ಅಲ್ಲಿಗೇ ಮುಗಿಯಿತು.” ತರ್ಕದಲ್ಲಿ ಎಲ್ಲೂ ಬಿರುಕು ಕಾಣುವುದಿಲ್ಲ. ನಾಯಿಯ ತಳಿಗಳ ಉದಾಹರಣೆ ಕೊಡಬಹುದಿತ್ತು, ಆದರೆ ಮನುಷ್ಯ ಎಷ್ಟೇ ತಳಿಗಳನ್ನು ಬೆಳೆಸಿದರೂ ನಾಯಿ ಇಂದಿಗೂ ಒಂದೇ ಪ್ರಭೇದವಾಗಿ ಉಳಿದಿದೆ ಎಂಬುದು ಅವಳ ಆಕ್ಷೇಪಕ್ಕೇ ಬಲ ಕೊಡುತ್ತದೆ. ಹದಿನೈದು ವರ್ಷದ ಮಕ್ಕಳಿಗೆ ಹೇಳಬಹುದಾದ, ಆದರೆ ವಿಷಯವನ್ನು ಕುಗ್ಗಿಸದ ಉತ್ತರ ಬೇಕಾಗಿದೆ. ಸಾಧ್ಯವಾದಷ್ಟು ನಮ್ಮ ಸುತ್ತಲಿನ ಉದಾಹರಣೆಗಳಿದ್ದರೆ ಒಳ್ಳೆಯದು.

ಪುಣೆಯ ಸಂಶೋಧನಾ ವಿದ್ಯಾರ್ಥಿ:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ತರ್ಕದಲ್ಲಿ ದೋಷವಿಲ್ಲ ಎಂಬುದನ್ನು ಅವಳಿಗೆ ಮೊದಲು ತಿಳಿಸಿ. ಅವಳು ಇಟ್ಟುಕೊಂಡ ಒಂದು ಗೃಹೀತವನ್ನು ಮಾತ್ರ ಬದಲಾಯಿಸಬೇಕು. ಹೊಸ ಪ್ರಭೇದವು ಒಂದು ಪ್ರಾಣಿಯಿಂದ ಆರಂಭವಾಗುತ್ತದೆ ಎಂದು ಅವಳು ಭಾವಿಸಿದ್ದಾಳೆ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಅಂಥ ಮೊದಲ ಪ್ರಾಣಿ ಹುಟ್ಟುವುದೇ ಇಲ್ಲ.

ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಹೆಚ್ಚಿನ ಪಠ್ಯಪುಸ್ತಕಗಳು ಅನುಸರಿಸುತ್ತವೆ. ತಮ್ಮತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಅಂಥದೇ ಇತರ ಗುಂಪುಗಳಿಂದ ಸಂತಾನದ ಮಟ್ಟಿಗೆ ಬೇರ್ಪಟ್ಟಿರುವ ಸಮುದಾಯಗಳ ಗುಂಪೇ ಪ್ರಭೇದ. ಈ ವ್ಯಾಖ್ಯೆಯಲ್ಲಿ ಒಂಟಿ ಪ್ರಾಣಿಗೆ ಸ್ಥಾನವಿಲ್ಲದಿರುವುದನ್ನು ಗಮನಿಸಿ. ಪ್ರತಿಯೊಂದು ಮರಿಯೂ ತನ್ನ ತಂದೆತಾಯಿಯ ಪ್ರಭೇದಕ್ಕೇ ಸೇರಿರುತ್ತದೆ ಮತ್ತು ತನ್ನ ಓರಗೆಯವುಗಳೊಡನೆ ಕೂಡಬಲ್ಲದು. ಹಳಗನ್ನಡ ಆಡುತ್ತಿದ್ದ ತಾಯಿಗೆ ನಡುಗನ್ನಡ ಆಡುವ ಮಗಳು ಹುಟ್ಟಿದ ದಿನವೊಂದು ಚರಿತ್ರೆಯಲ್ಲಿಲ್ಲ. ತಾಯಿಮಗಳಿಬ್ಬರಿಗೂ ಪರಸ್ಪರರ ಮಾತು ಯಾವ ಕಾಲದಲ್ಲೂ ಅರ್ಥವಾಗಿದೆ, ಆದರೂ ಪಂಪನ ಕನ್ನಡವನ್ನು ನಾವು ಇಂದು ಟೀಕೆಯ ನೆರವಿಲ್ಲದೆ ಓದಲಾರೆವು.

ಹಾಗಾದರೆ ಕವಲು ಒಡೆಯುವುದು ಹೇಗೆ? ಒಂದು ಸಮುದಾಯ ಎರಡು ಪಾಲಾಗಬೇಕು, ಮತ್ತು ಆ ಪಾಲುಗಳ ನಡುವೆ ಕೂಡುವಿಕೆ ನಿಲ್ಲಬೇಕು ಅಥವಾ ತೀರ ವಿರಳವಾಗಬೇಕು. ನಮ್ಮದೇ ಪಶ್ಚಿಮ ಘಟ್ಟದಲ್ಲಿ ಇದಕ್ಕೆ ಸೊಗಸಾದ ಸಾಕ್ಷಿಯಿದೆ. ಕೇರಳದ ಪಾಲಕ್ಕಾಡಿನ ಬಳಿ ಘಟ್ಟದ ಸಾಲು ಸುಮಾರು 30 ಕಿಲೋಮೀಟರಿನಷ್ಟು ಅಗಲಕ್ಕೆ ತುಂಡಾಗಿದೆ. ಎತ್ತರದ ಶೋಲಾ ಕಾಡುಗಳ ತಂಪಿನಲ್ಲಿ ಮಾತ್ರ ಬಾಳುವ ಚಿಕ್ಕ ಹಕ್ಕಿಗಳಿಗೆ ಈ ಬಿಸಿಯಾದ ತಗ್ಗುನಾಡನ್ನು ದಾಟುವುದು ಬಹುಮಟ್ಟಿಗೆ ಅಸಾಧ್ಯ. ಅದರ ಉತ್ತರಕ್ಕೆ ನೀಲಗಿರಿಯಿಂದ ಕರ್ನಾಟಕದ ಬೆಟ್ಟಗಳವರೆಗೆ ಒಂದು ನೀಲಿ ರಾಬಿನ್ ಇದೆ, ದಕ್ಷಿಣಕ್ಕೆ ಆನೆಮಲೆ ಮತ್ತು ಪಳನಿ ಬೆಟ್ಟಗಳಲ್ಲಿ ಅದರ ನಂಟನಾದ ಇನ್ನೊಂದು ಪ್ರಭೇದವಿದೆ. ಇನ್ನೂ ದಕ್ಷಿಣಕ್ಕೆ ಹೋದರೆ ಶೆಂಕೋಟೆಯ ಬಳಿ ಮತ್ತೊಂದು ಕಣಿವೆ ಘಟ್ಟವನ್ನು ಕಡಿಯುತ್ತದೆ, ಅದರಾಚೆಯ ಅಶಂಬು ಬೆಟ್ಟಗಳಲ್ಲಿ ಮೂರನೆಯದಿದೆ. ವಿ.ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಇವುಗಳಿಗಾಗಿ ಶೋಲಿಕೋಲಾ ಎಂಬ ಹೊಸ ಕುಲವನ್ನೇ (ಹತ್ತಿರದ ನಂಟಿನ ಪ್ರಭೇದಗಳ ಗುಂಪನ್ನು) ಸ್ಥಾಪಿಸಿದರು. ಎರಡು ತಡೆಗಳು, ಮೂರು ಪ್ರಭೇದಗಳು. ನಕ್ಷೆಯೊಂದನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಮಕ್ಕಳೇ ಉಳಿದದ್ದನ್ನು ಹೇಳಿಯಾರು.

ಬೇರ್ಪಟ್ಟ ಮೇಲೆ ನಡೆಯುವುದು ನಿಧಾನದ ಕೆಲಸ. ಎರಡೂ ಕಡೆ ಮ್ಯುಟೇಶನ್‌ಗಳು (ಅಂದರೆ ಆನುವಂಶಿಕ ಗುಣಗಳನ್ನು ನಿರ್ಧರಿಸುವ ಜೀನ್‌ಗಳಲ್ಲಿ ಆಕಸ್ಮಿಕವಾಗಿ ಆಗುವ ಬದಲಾವಣೆಗಳು) ತಮ್ಮ ಪಾಡಿಗೆ ತಾವು ಸಂಭವಿಸುತ್ತಿರುತ್ತವೆ, ಉತ್ತರದಲ್ಲಿ ಸಂಭವಿಸಿದ್ದು ದಕ್ಷಿಣಕ್ಕೆ ತಲುಪುವುದಿಲ್ಲ. ಮಳೆ, ಆಹಾರ, ಶತ್ರುಗಳು ಬೇರೆಯಾದ್ದರಿಂದ ಆಯ್ಕೆಯ ದಿಕ್ಕೂ ಬೇರೆಯಾಗುತ್ತದೆ. ಸಮುದಾಯ ಚಿಕ್ಕದಾಗಿದ್ದರೆ ಯಾವ ಲಾಭನಷ್ಟವೂ ಇಲ್ಲದ ಗುಣಗಳು ಕೇವಲ ಆಕಸ್ಮಿಕವಾಗಿ ಹರಡುವುದು ಅಥವಾ ಅಳಿಯುವುದು ಉಂಟು. ಇದನ್ನು ಪಾಠಗಳಲ್ಲಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ಆಕಸ್ಮಿಕದ ಪಾತ್ರವನ್ನು ಮಕ್ಕಳಿಗೆ ಒತ್ತಿ ಹೇಳಬೇಕು, ಇಲ್ಲವಾದರೆ ಪ್ರತಿಯೊಂದು ಗುಣಕ್ಕೂ ಒಂದು ಉಪಯೋಗವಿದ್ದೇ ತೀರಬೇಕು ಎಂಬ ತಪ್ಪು ತಿಳಿವಳಿಕೆ ಜೀವನವಿಡೀ ಉಳಿದುಬಿಡುತ್ತದೆ.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಸಾತಾರಾ ಜಿಲ್ಲೆಯ ಚಾಳಕೇವಾಡಿಯ ಬಯಲಿಗೆ ಮೇ ತಿಂಗಳಿನಲ್ಲಿ ಹೋಗಬಹುದು. ಅಲ್ಲಿ ಗಂಡು ಓತಿಗಳು ಕಲ್ಲಿನ ಮೇಲೇರಿ, ಕೊರಳ ಕೆಳಗಿನ ಚರ್ಮವನ್ನು ಬೀಸಣಿಗೆಯ ಹಾಗೆ ಬಿಚ್ಚಿ ನೀಲಿ, ಕಪ್ಪು, ಕಿತ್ತಳೆ ಬಣ್ಣಗಳನ್ನು ತೋರಿಸುತ್ತವೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಈ ಬಣ್ಣದ ಕೊರಳಿನ ಓತಿಗಳನ್ನು 2016ರಲ್ಲಿ ಸರಡಾ ಎಂಬ ಪ್ರತ್ಯೇಕ ಕುಲವಾಗಿ ವರ್ಗೀಕರಿಸಿದರು. ಅದರಲ್ಲಿ ಆಗ ಹೊಸದಾಗಿ ವರ್ಣಿಸಿದ ಎರಡು ಪ್ರಭೇದಗಳಲ್ಲಿ ಒಂದಕ್ಕೆ ಡಾರ್ವಿನ್ನರ ಹೆಸರನ್ನೇ ಇಟ್ಟಿದ್ದಾರೆ. ಈ ಕೊರಳಿನ ಬಣ್ಣ ಹೆಣ್ಣಿಗೂ ಎದುರಾಳಿ ಗಂಡಿಗೂ ಕೊಡುವ ಸಂಕೇತ. ಬೇರ್ಪಟ್ಟ ಎರಡು ಸಮುದಾಯಗಳಲ್ಲಿ ಇಂಥ ಸಂಕೇತವಾಗಲಿ, ಅದನ್ನು ಮೆಚ್ಚುವ ಹೆಣ್ಣಿನ ಒಲವಾಗಲಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋದರೆ, ಮುಂದೊಮ್ಮೆ ಅವು ಎದುರುಬದುರಾದಾಗ ಒಂದನ್ನೊಂದು ಸಂಗಾತಿಯೆಂದು ಗುರುತಿಸುವುದೇ ಇಲ್ಲ.

ಮುಲುಂಡಿನ ಶಿಕ್ಷಕಿ:

ಬಹಳ ಉಪಕಾರವಾಯಿತು. ಗುರುತಿಸದಿರುವುದು ಅರ್ಥವಾಯಿತು. ಆದರೆ ಹೇಸರಗತ್ತೆಯ ವಿಷಯ ಇನ್ನೂ ಉಳಿದಿದೆ. ಕುದುರೆಯೂ ಕತ್ತೆಯೂ ಕೂಡುತ್ತವೆ, ಮರಿಯೂ ಹುಟ್ಟುತ್ತದೆ, ಗಟ್ಟಿಮುಟ್ಟಾಗಿಯೂ ಬೆಳೆಯುತ್ತದೆ, ಆದರೆ ಬಂಜೆಯಾಗಿರುತ್ತದೆ. ಬಂಜೆತನದಿಂದ ಯಾವ ಜೀವಿಗೂ ಲಾಭವಿಲ್ಲ. ಲಾಭವಿಲ್ಲದ ಗುಣವನ್ನು ನೈಸರ್ಗಿಕ ಆಯ್ಕೆ ಬೆಳೆಸುವುದು ಹೇಗೆ? ನಾಳೆ ಅದೇ ಹುಡುಗಿ ಇದನ್ನು ಕೇಳಿಯೇ ಕೇಳುತ್ತಾಳೆ.

ಪುಣೆಯ ಸಂಶೋಧನಾ ವಿದ್ಯಾರ್ಥಿ:

ಈ ಪ್ರಶ್ನೆಯನ್ನು ಡಾರ್ವಿನ್ ತಾವೇ ಎದುರಿಸಿದ್ದರು. 1859ರ ತಮ್ಮ ಗ್ರಂಥದಲ್ಲಿ ಸಂಕರ ಸಂತಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಬಂಜೆತನವನ್ನು ಆಯ್ಕೆ ಬೆಳೆಸಿದ್ದಲ್ಲ, ಬೇರೆ ಕಾರಣಗಳಿಂದ ಸೇರಿಕೊಂಡ ವ್ಯತ್ಯಾಸಗಳ ಉಪಫಲವಾಗಿ ಅದು ಬಂದಿದೆ ಎಂದು ವಾದಿಸಿದರು. ಅವರ ಕಾಲಕ್ಕೆ ಜೀನ್‌ಗಳ ತಿಳಿವಳಿಕೆ ಇರಲಿಲ್ಲವಾದ್ದರಿಂದ ಅದು ಹೇಗೆ ಸಾಧ್ಯ ಎಂಬುದನ್ನು ತೋರಿಸಲಾಗಲಿಲ್ಲ. ಆ ಕೊಂಡಿಯನ್ನು ಮುಂದೆ ತಳಿವಿಜ್ಞಾನಿಗಳಾದ ಬೇಟ್ಸನ್, ಡೊಬ್ಜಾನ್ಸ್ಕಿ ಮತ್ತು ಮುಲ್ಲರ್ ಕೂಡಿಸಿದರು. ಕಪ್ಪುಹಲಗೆಯ ಮೇಲೆ ಇದನ್ನು ಸುಲಭವಾಗಿ ಬಿಡಿಸಬಹುದು.

ಮೂಲ ಸಮುದಾಯದಲ್ಲಿ ಕ1 ಮತ್ತು ಖ1 ಎಂಬ ಎರಡು ಜೀನ್‌ಗಳಿದ್ದವೆಂದು ಭಾವಿಸಿ. ಸಮುದಾಯ ಇಬ್ಭಾಗವಾದ ಮೇಲೆ ಉತ್ತರದ ಪಾಲಿನಲ್ಲಿ ಕ1 ಬದಲಾಗಿ ಕ2 ಆಯಿತು. ಅದು ಖ1ರ ಜೊತೆ ಚೆನ್ನಾಗಿ ಹೊಂದಿಕೊಂಡದ್ದರಿಂದ ಎಲ್ಲೆಡೆ ಹರಡಿತು. ದಕ್ಷಿಣದ ಪಾಲಿನಲ್ಲಿ ಖ1 ಬದಲಾಗಿ ಖ2 ಆಯಿತು, ಅದು ಕ1ರ ಜೊತೆ ಹೊಂದಿಕೊಂಡು ಹರಡಿತು. ಎರಡೂ ಕಡೆ ಯಾವ ಹಂತದಲ್ಲೂ ಯಾವ ಪ್ರಾಣಿಯೂ ಬಂಜೆಯಾಗಲಿಲ್ಲ, ದುರ್ಬಲವಾಗಲೂ ಇಲ್ಲ. ಆದರೆ ಕ2 ಮತ್ತು ಖ2 ಒಂದೇ ದೇಹದಲ್ಲಿ ಎಂದೂ ಸೇರಿರಲಿಲ್ಲ. ಎರಡು ಸಮುದಾಯಗಳು ಮತ್ತೆ ಭೇಟಿಯಾಗಿ ಸಂಕರ ಮರಿ ಹುಟ್ಟಿದಾಗ ಮೊದಲ ಬಾರಿಗೆ ಅವೆರಡೂ ಒಟ್ಟಾಗುತ್ತವೆ. ಅವು ಹೊಂದಿಕೊಳ್ಳುತ್ತವೆಯೇ ಎಂಬುದನ್ನು ಆಯ್ಕೆ ಹಿಂದೆಂದೂ ಪರೀಕ್ಷಿಸಿಲ್ಲ. ಹೊಂದಿಕೊಳ್ಳದಿದ್ದರೆ ಮರಿಗೆ ರೋಗ, ಸಾವು ಅಥವಾ ಬಂಜೆತನ. ಇಂಥ ಜೋಡಿ ಒಂದಲ್ಲ, ನೂರಾರು ಸೇರಿಕೊಳ್ಳಬಹುದು.

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಅಲಂಕಾರದ ಮೀನು ಮಾರುವ ಅಂಗಡಿಗಳನ್ನು ಮಕ್ಕಳು ನೋಡಿರುತ್ತಾರೆ. ಅಲ್ಲಿ ಸಿಗುವ ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳೇ ಇದಕ್ಕೆ ಪ್ರಸಿದ್ಧ ಸಾಕ್ಷಿ. ಕೆಲವು ಪ್ಲಾಟಿಗಳ ಮೈಮೇಲಿನ ಕಪ್ಪು ಚುಕ್ಕೆಗೆ ಕಾರಣವಾದ ಜೀನ್ ಒಂದಿದೆ, ಅದನ್ನು ಹದ್ದುಬಸ್ತಿನಲ್ಲಿಡುವ ಬೇರೊಂದು ಜೀನ್ ಕೂಡ ಪ್ಲಾಟಿಯಲ್ಲೇ ಇದೆ. ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್‌ಗಳ ಸಂಕರವನ್ನು ಮತ್ತೊಮ್ಮೆ ಸ್ವೋರ್ಡ್‌ಟೇಲ್ ಜೊತೆ ಕೂಡಿಸಿದಾಗ ಹುಟ್ಟುವ ಕೆಲವು ಮರಿಗಳಿಗೆ ಚುಕ್ಕೆಯ ಜೀನ್ ಬಂದಿರುತ್ತದೆ, ಹತೋಟಿಯ ಜೀನ್ ಬಂದಿರುವುದಿಲ್ಲ. ಆಗ ಆ ಚುಕ್ಕೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿ ಬೆಳೆಯುತ್ತದೆ. ಇದನ್ನು 1920ರ ದಶಕದಲ್ಲೇ ಕಂಡುಕೊಂಡಿದ್ದರು.

ಹೇಸರಗತ್ತೆಯಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತಿರುವ ಎಳೆಗಳೇ ಕ್ರೋಮೋಸೋಮ್‌ಗಳು. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಮರಿಗೆ 63. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮ್‌ಗಳು ಜೋಡಿಯಾಗಿ ನಿಲ್ಲಬೇಕು, ಇಲ್ಲಿ ಆ ಜೋಡಣೆ ಕೆಡುತ್ತದೆ.

ಇದೇ ಸಂದರ್ಭದಲ್ಲಿ ಒಂದು ಮಾತನ್ನು ಸೇರಿಸದಿರಲಾರೆ. ಸಂಕರ ಸಂತಾನದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾದರೆ ಅದು ಬಹುಪಾಲು ಎರಡು ಭಿನ್ನ ಲಿಂಗ ಕ್ರೋಮೋಸೋಮ್‌ಗಳಿರುವ ಲಿಂಗವೇ ಆಗಿರುತ್ತದೆ, ಅಂದರೆ ಸಸ್ತನಿಗಳಲ್ಲಿ ಗಂಡು, ಹಕ್ಕಿ ಮತ್ತು ಚಿಟ್ಟೆಗಳಲ್ಲಿ ಹೆಣ್ಣು. 1922ರಲ್ಲಿ ಇದನ್ನು ಗುರುತಿಸಿದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯೇ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ ಹುಲಿ ಮತ್ತು ಸಿಂಹಗಳ ಸಂಕರವಾದ ರುದ್ರಾಣಿ ಎಂಬ ಹೆಣ್ಣು 1970ರ ದಶಕದಲ್ಲಿ ಸಿಂಹವೊಂದರಿಂದ ಮರಿಗಳನ್ನು ಹೆತ್ತಿತ್ತು. ಹೆಣ್ಣಾದ್ದರಿಂದ ಅದು ಸಾಧ್ಯವಾಯಿತು. ಹಾಲ್ಡೇನರ ನಿಯಮಕ್ಕೆ ನಮ್ಮ ನೆಲದ್ದೇ ಆದ ಉದಾಹರಣೆ ಇದು.

ಧಾರವಾಡ ಮೂಲದ ಕೃಷಿ ಪದವೀಧರ, ಪುಣೆ:

ಮೇಲಿನ ವಿವರಣೆ ಪ್ರಾಣಿಗಳ ಮಟ್ಟಿಗೆ ಒಪ್ಪತಕ್ಕದ್ದು. ಸಸ್ಯಗಳ ಕಥೆಯೇ ಬೇರೆ, ಅಲ್ಲಿ ನಿಮ್ಮ ವಿದ್ಯಾರ್ಥಿನಿ ಹೇಳುವ ‘ಮೊದಲ ಜೀವಿ’ ನಿಜವಾಗಿಯೂ ಹುಟ್ಟುತ್ತದೆ. ಅದಕ್ಕೆ ಜೊತೆಗಾರ ಸಿಗದಿದ್ದರೂ ನಡೆಯುತ್ತದೆ, ಏಕೆಂದರೆ ಎಷ್ಟೋ ಗಿಡಗಳು ತಮ್ಮ ಹೂವಿನ ಪರಾಗದಿಂದಲೇ ತಾವು ಬೀಜ ಕಟ್ಟಬಲ್ಲವು.

ಇದರ ಸಾಕ್ಷಿ ಎಲ್ಲರ ಅಡುಗೆಮನೆಯಲ್ಲಿದೆ. ಮಕ್ಕಳಿಗೆ ಮೂರು ಬಗೆಯ ಗೋಧಿಯನ್ನು ಕೈಗೆ ಕೊಟ್ಟು ತೋರಿಸಬಹುದು. ಹುಗ್ಗಿಗೆ ನಮ್ಮ ಕಡೆಯವರು ಆರಿಸಿಕೊಳ್ಳುವ ಖಪಲಿ ಗೋಧಿಯ ಜೀವಕೋಶದಲ್ಲಿ 28 ಕ್ರೋಮೋಸೋಮ್‌ಗಳಿವೆ. ಬನ್ಸಿ ರವೆಯ ಡ್ಯೂರಮ್ ಗೋಧಿಯಲ್ಲೂ 28. ಚಪಾತಿಯ ಸಾಮಾನ್ಯ ಗೋಧಿಯಲ್ಲಿ 42. ಈ 42 ಬಂದದ್ದು ಹೇಗೆಂದರೆ, ಸುಮಾರು ಎಂಟರಿಂದ ಹತ್ತು ಸಾವಿರ ವರ್ಷಗಳ ಹಿಂದೆ ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನ ಹೊಲಗಳಲ್ಲಿ ಖಪಲಿಯ ವರ್ಗದ ಗೋಧಿ ಬೆಳೆಯುತ್ತಿದ್ದಾಗ, ಹೊಲದ ಬದುವಿನಲ್ಲಿ ಕಳೆಯಾಗಿದ್ದ 14 ಕ್ರೋಮೋಸೋಮಿನ ಕಾಡುಹುಲ್ಲೊಂದು ಅದರ ಜೊತೆ ಸಂಕರವಾಯಿತು. ಒಂದರಿಂದ 14, ಇನ್ನೊಂದರಿಂದ 7 ಸೇರಿ 21 ಕ್ರೋಮೋಸೋಮಿನ ಗಿಡ ಹುಟ್ಟಿತು. ಜೋಡಿ ಸಿಗದ ಕ್ರೋಮೋಸೋಮ್‌ಗಳಿಂದಾಗಿ ಅದು ಹೇಸರಗತ್ತೆಯಂತೆಯೇ ಬಂಜೆಯಾಗಬೇಕಿತ್ತು. ಆದರೆ ಗಿಡಗಳಲ್ಲಿ ಆಗಾಗ ಕ್ರೋಮೋಸೋಮ್‌ಗಳ ಸಂಖ್ಯೆ ಅರ್ಧಕ್ಕಿಳಿಯದೆ ಪೂರ್ತಿಯಾಗಿಯೇ ಪರಾಗಕ್ಕೂ ಅಂಡಕ್ಕೂ ಹೋಗಿಬಿಡುತ್ತದೆ. ಅಂಥ ಎರಡು ಕೂಡಿದಾಗ 21ರ ಇಮ್ಮಡಿ, ಅಂದರೆ 42. ಈಗ ಪ್ರತಿ ಕ್ರೋಮೋಸೋಮಿಗೂ ಜೊತೆ ಸಿಕ್ಕಿತು, ಗಿಡ ಫಲವತ್ತಾಯಿತು. ಒಂದೆರಡು ತಲೆಮಾರಿನೊಳಗೆ ಹೊಸ ಪ್ರಭೇದ ಸಿದ್ಧವಾಯಿತು.

ಈ 42ರ ಗೋಧಿಯನ್ನು 28ರ ಖಪಲಿಯೊಡನೆ ಸಂಕರ ಮಾಡಿದರೆ 35 ಕ್ರೋಮೋಸೋಮಿನ ಗಿಡ ಬರುತ್ತದೆ. ಅದರಲ್ಲಿ 14 ಜೋಡಿಗಳಾಗಿ 7 ಒಂಟಿಯಾಗಿ ಉಳಿಯುತ್ತವೆ, ಕಾಳು ಕಟ್ಟುವುದು ಬಹಳ ಕಡಿಮೆಯಾಗುತ್ತದೆ. ತಳಿ ಬೆಳೆಸುವವರಿಗೆ ಇದು ದಿನನಿತ್ಯದ ತಲೆನೋವು. ಖಪಲಿಯಲ್ಲಿರುವ ರೋಗನಿರೋಧದ ಗುಣವನ್ನು ಚಪಾತಿಯ ಗೋಧಿಗೆ ತರಬೇಕೆಂದರೆ ಈ ಗೋಡೆಯನ್ನು ಹಲವು ಬಾರಿ ಹತ್ತಿ ಇಳಿಯಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪುಣೆಯ ಆಘಾರಕರ ಸಂಶೋಧನಾ ಸಂಸ್ಥೆಯೂ ಖಪಲಿಯ ಸುಧಾರಿತ ತಳಿಗಳನ್ನು ಹೊರತಂದಿವೆ. ಶಾಲೆಯಿಂದ ಪ್ರವಾಸಕ್ಕೆ ಬರುವುದಾದರೆ ಮೂರೂ ಬಗೆಯ ತೆನೆಗಳನ್ನು ಹೊಂದಿಸಿಕೊಡುವ ಹೊಣೆ ನನ್ನದು. ಖಪಲಿಯ ಕಾಳು ಹೊಟ್ಟನ್ನು ಬಿಟ್ಟು ಬರದೆ ಅಂಟಿಕೊಂಡಿರುವುದನ್ನು ಮಕ್ಕಳು ಕೈಯಲ್ಲಿ ಉಜ್ಜಿ ನೋಡಲಿ.

ಘಾಟ್ಕೋಪರದ ಓದುಗ:

ಚರ್ಚೆಯನ್ನು ಗೌರವದಿಂದ ಓದಿದೆ. ಆದರೂ ಒಂದು ಸಂದೇಹವನ್ನು ಹೇಳಲೇಬೇಕು. ಘಟ್ಟದ ಹಕ್ಕಿಯಾಗಲಿ, ಗೋಧಿಯಾಗಲಿ, ಎಲ್ಲವೂ ಆಗಿಹೋದ ಘಟನೆಗಳ ಬಗ್ಗೆ ಇಂದು ಮಾಡುತ್ತಿರುವ ಊಹೆಗಳು. ಹೀಗೆಯೇ ಆಗಿರಬಹುದು ಎನ್ನುವುದು ಬೇರೆ, ಆಗುತ್ತಿರುವುದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎನ್ನುವುದು ಬೇರೆ. ಕಂಡಿದ್ದರೆ ತಿಳಿಸಬೇಕಾಗಿ ವಿನಂತಿ.

ಧಾರವಾಡ ಮೂಲದ ಕೃಷಿ ಪದವೀಧರ, ಪುಣೆ:

ಸರ್, ಕಂಡಿದ್ದಾರೆ. ಯುರೋಪಿನ ಟ್ರಾಗೊಪೋಗಾನ್ ಎಂಬ ಹಳದಿ ಮತ್ತು ನೇರಳೆ ಹೂವಿನ ಗಿಡಗಳ ಮೂರು ಪ್ರಭೇದಗಳು 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಐಡಹೊ ರಾಜ್ಯಗಳ ಗಡಿಪ್ರದೇಶಕ್ಕೆ ಬಂದವು. ಮೂರಕ್ಕೂ 12 ಕ್ರೋಮೋಸೋಮ್. 1950ರಲ್ಲಿ ಮೇರಿಯನ್ ಓನ್‌ಬಿ ಎಂಬ ಸಸ್ಯವಿಜ್ಞಾನಿ ಅಲ್ಲಿಯೇ 24 ಕ್ರೋಮೋಸೋಮಿನ ಎರಡು ಹೊಸ ಪ್ರಭೇದಗಳನ್ನು ವರ್ಣಿಸಿದರು. ಗೋಧಿಯಲ್ಲಿ ನಡೆದ ಕ್ರಮವೇ ಇಲ್ಲಿಯೂ ನಡೆದಿತ್ತು. ತಂದೆತಾಯಿ ಪ್ರಭೇದಗಳು ಆ ನೆಲಕ್ಕೆ ಬಂದ ಕಾಲ ದಾಖಲೆಯಲ್ಲಿರುವುದರಿಂದ, ಈ ಮಕ್ಕಳು ಅಲ್ಲಿ ಹುಟ್ಟಿ ನೂರು ವರ್ಷದ ಆಚೀಚೆ ಆಗಿದೆ ಎಂದು ಖಚಿತವಾಗಿ ಹೇಳಬಹುದು.

ಪುಣೆಯ ಸಂಶೋಧನಾ ವಿದ್ಯಾರ್ಥಿ:

ಪ್ರಾಣಿಗಳಲ್ಲೂ ಎರಡು ಸಾಕ್ಷ್ಯಗಳನ್ನು ಕೊಡುತ್ತೇನೆ. ಒಂದು ಪ್ರಯೋಗಶಾಲೆಯದು. ಡಯೇನ್ ಡಾಡ್ ಅವರು 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಮೂಲದ ಹಣ್ಣುನೊಣಗಳನ್ನು ಪಾಲು ಮಾಡಿ, ಕೆಲವು ಗುಂಪುಗಳನ್ನು ಪಿಷ್ಟದ ಮೇಲೆ, ಕೆಲವನ್ನು ಮಾಲ್ಟೋಸ್ ಸಕ್ಕರೆಯ ಮೇಲೆ ಹಲವು ತಲೆಮಾರು ಬೆಳೆಸಲಾಗಿತ್ತು. ಕೊನೆಗೆ ಎಲ್ಲವನ್ನೂ ಸೇರಿಸಿ ಬಿಟ್ಟಾಗ ಪಿಷ್ಟದ ನೊಣಗಳು ಹೆಚ್ಚಾಗಿ ಪಿಷ್ಟದವುಗಳನ್ನೇ, ಮಾಲ್ಟೋಸಿನವು ಮಾಲ್ಟೋಸಿನವುಗಳನ್ನೇ ಸಂಗಾತಿಯಾಗಿ ಆರಿಸಿಕೊಂಡವು. ಸಂಗಾತಿಯ ಆಯ್ಕೆಯನ್ನು ಯಾರೂ ಅವುಗಳಿಗೆ ಕಲಿಸಿರಲಿಲ್ಲ, ಆಹಾರಕ್ಕೆ ಹೊಂದಿಕೊಳ್ಳುವಾಗ ಅದು ತಾನಾಗಿ ಜೊತೆಯಲ್ಲಿ ಬಂದಿತ್ತು. ಇದು ಪೂರ್ಣ ಪ್ರಭೇದವಲ್ಲ, ಅದರ ಮೊದಲ ಹೆಜ್ಜೆ ಎಂದು ಸ್ಪಷ್ಟವಾಗಿ ಹೇಳಬೇಕು.

ಇನ್ನೊಂದು ಗಲಪಾಗೋಸ್ ದ್ವೀಪಗಳದು. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಒಂದೊಂದರ ವಂಶಾವಳಿಯನ್ನೂ ಬರೆದಿಡುತ್ತ ಬಂದರು. 1981ರಲ್ಲಿ ಬೇರೆ ಪ್ರಭೇದದ ದೊಡ್ಡ ಗಂಡು ಹಕ್ಕಿಯೊಂದು ಅಲ್ಲಿಗೆ ಬಂದಿಳಿಯಿತು. ಅದು ನೂರು ಕಿಲೋಮೀಟರಿಗೂ ಆಚೆಯ ಎಸ್ಪಾನ್ಯೋಲಾ ದ್ವೀಪದ್ದು ಎಂದು ಮುಂದೆ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಅದು ಸ್ಥಳೀಯ ಹೆಣ್ಣಿನೊಡನೆ ಕೂಡಿತು. ಮರಿಗಳ ಮೈಗಾತ್ರವೂ ಕೊಕ್ಕಿನ ಆಕಾರವೂ ಊರಿನ ಹಕ್ಕಿಗಳಂತಿರಲಿಲ್ಲ, ಗಂಡುಮರಿಗಳು ತಂದೆಯಿಂದ ಕಲಿತ ಹಾಡು ಊರಿನ ಹಾಡಾಗಿರಲಿಲ್ಲ. ಕೆಲವೇ ತಲೆಮಾರುಗಳಲ್ಲಿ ಆ ವಂಶದ ಹಕ್ಕಿಗಳು ತಮ್ಮೊಳಗೆ ಮಾತ್ರ ಕೂಡತೊಡಗಿದವು. ಇದರ ಪೂರ್ಣ ವಿವರ 2017ರಲ್ಲಿ ಪ್ರಕಟವಾಯಿತು. ಅದನ್ನು ಪ್ರಭೇದವೆಂದು ಕರೆಯಲು ಇನ್ನೂ ಕಾಲ ಬೇಕೆನ್ನುವವರಿದ್ದಾರೆ, ಆ ಎಚ್ಚರಿಕೆ ಸರಿಯಾದದ್ದೇ. ಆದರೆ ಸಮುದಾಯವೊಂದು ಕವಲಾಗುವುದನ್ನು ತಲೆಮಾರು ತಲೆಮಾರಾಗಿ ದಾಖಲಿಸಿದ್ದಾರೆಂಬುದರಲ್ಲಿ ಸಂಶಯವಿಲ್ಲ.

ವಾಸ್ಕೊದ ಪಕ್ಷಿವೀಕ್ಷಕ:

ಘಾಟ್ಕೋಪರದ ಹಿರಿಯರು ಕೇಳಿದ ‘ಆಗುತ್ತಿರುವುದು’ ಪ್ರತಿ ಚಳಿಗಾಲದಲ್ಲಿ ನಮ್ಮ ಗೋವೆಯ ಮರಗಳ ಮೇಲೇ ಬಂದು ಕೂರುತ್ತದೆ. ಗ್ರೀನಿಶ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಅದರ ಹೆಸರು. ಬೋಂಡ್ಲಾ, ಕೊಟಿಗಾಂವ್ ಕಾಡುಗಳಿರಲಿ, ಮುಂಬಯಿಯ ಬೊರಿವಲಿಯ ಉದ್ಯಾನವಿರಲಿ, ಎಲೆಗಳ ನಡುವೆ ಹುಳು ಹೆಕ್ಕುತ್ತ ಸಣ್ಣಗೆ ಕೂಗುವ ಈ ಹಕ್ಕಿಯನ್ನು ಮಕ್ಕಳಿಗೆ ತೋರಿಸುವುದು ಕಷ್ಟವಲ್ಲ.

ಇದು ಮರಿ ಮಾಡುವುದು ಉತ್ತರದಲ್ಲಿ. ಟಿಬೆಟಿನ ಪ್ರಸ್ಥಭೂಮಿಯಲ್ಲಿ ಇದಕ್ಕೆ ಬೇಕಾದ ಮರಗಳಿಲ್ಲ, ಹೀಗಾಗಿ ಇದರ ಸಮುದಾಯಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಉಂಗುರದಂತೆ ಹರಡಿವೆ. ದಕ್ಷಿಣದಲ್ಲಿ ಹಿಮಾಲಯ, ಅಲ್ಲಿಂದ ಒಂದು ತೋಳು ಮಧ್ಯ ಏಷ್ಯಾದ ಬೆಟ್ಟಗಳ ಮೂಲಕ, ಇನ್ನೊಂದು ತೋಳು ಚೀನದ ಮೂಲಕ ಉತ್ತರಕ್ಕೆ ಸಾಗಿ, ಎರಡೂ ಸೈಬೀರಿಯದ ನಡುಭಾಗದಲ್ಲಿ ಎದುರಾಗುತ್ತವೆ. ಉಂಗುರದ ಉದ್ದಕ್ಕೂ ನೆರೆಹೊರೆಯ ಹಕ್ಕಿಗಳ ಹಾಡಿನಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೆ ಸೈಬೀರಿಯದಲ್ಲಿ ತುದಿಗಳು ಕೂಡುವಲ್ಲಿ ಪಶ್ಚಿಮದ ಹಕ್ಕಿಯ ಹಾಡಿಗೂ ಪೂರ್ವದ ಹಕ್ಕಿಯ ಹಾಡಿಗೂ ಸಂಬಂಧವೇ ಇಲ್ಲ. ರೆಕ್ಕೆಯ ಮೇಲಿನ ಬಿಳಿ ಪಟ್ಟಿ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಎರಡು. ಒಂದೇ ಕಾಡಿನಲ್ಲಿದ್ದರೂ ಅವು ಬಹುಮಟ್ಟಿಗೆ ಕೂಡುವುದಿಲ್ಲ. ನಮ್ಮಲ್ಲಿಗೆ ಚಳಿಗಾಲಕ್ಕೆ ಬರುವುದು ಪಶ್ಚಿಮದ ತೋಳಿನದು, ಪೂರ್ವದ್ದು ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಹಿಂದೆ ಕೆಲವು ಕಾಲ ಉಂಗುರ ಅಲ್ಲಲ್ಲಿ ತುಂಡಾಗಿತ್ತೆಂದೂ, ತುದಿಗಳ ನಡುವೆ ಅಲ್ಪಸ್ವಲ್ಪ ಮಿಶ್ರಣ ನಡೆದಿದೆಯೆಂದೂ 2014ರ ಜೀನೋಮ್ ಅಧ್ಯಯನದಿಂದ ತಿಳಿಯಿತು. ಅಂದರೆ ಚಿತ್ರ ಪುಸ್ತಕದಲ್ಲಿರುವಷ್ಟು ನಯವಾಗಿಲ್ಲ. ನನಗಂತೂ ಈ ಒರಟುತನದಿಂದಲೇ ಅದರ ಮೇಲೆ ನಂಬಿಕೆ ಹೆಚ್ಚಾಯಿತು.

ನಿಮ್ಮ ವಿದ್ಯಾರ್ಥಿನಿಗೆ ಇಲ್ಲಿಂದ ಒಂದು ಪ್ರಶ್ನೆಯನ್ನು ಮರಳಿ ಕೇಳಬಹುದು. ಈ ಉಂಗುರದಲ್ಲಿ ಒಂದು ಪ್ರಭೇದ ಮುಗಿದು ಇನ್ನೊಂದು ಆರಂಭವಾಗುವ ಗೆರೆಯನ್ನು ಎಲ್ಲಿ ಎಳೆಯುತ್ತಾಳೆ?

ಮುಲುಂಡಿನ ಶಿಕ್ಷಕಿ:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಪಾಠವನ್ನು ಈಗ ಪಾಲಕ್ಕಾಡಿನ ನಕ್ಷೆಯಿಂದ ಆರಂಭಿಸಿ, ಕ ಮತ್ತು ಖ ಜೀನ್‌ಗಳ ಮೂಲಕ ಹೇಸರಗತ್ತೆಗೆ ಬಂದು, ಅನಂತರ ಗೋಧಿಯ ತೆನೆಗಳನ್ನು ಕೈಗೆ ಕೊಡುವುದೆಂದು ನಿಶ್ಚಯಿಸಿದ್ದೇನೆ. ಉಲಿಯಕ್ಕಿಗಾಗಿ ಡಿಸೆಂಬರಿನಲ್ಲಿ ಬೊರಿವಲಿಗೆ ಕರೆದೊಯ್ಯುವ ಯೋಚನೆಯಿದೆ. ಕೊನೆಯದಾಗಿ ಒಂದು ಸಂದೇಹ. ಬೇರ್ಪಡಲು ಆರಂಭಿಸಿದ ಸಮುದಾಯಗಳು ಮತ್ತೆ ಒಂದಾಗುವುದು ಸಾಧ್ಯವೇ? ಅಥವಾ ಕವಲೊಡೆದ ಮೇಲೆ ಮರಳುವ ದಾರಿಯಿಲ್ಲವೇ?

ವಾಸ್ಕೊದ ಪಕ್ಷಿವೀಕ್ಷಕ:

ಬಂಜೆತನದ ಗೋಡೆ ಎದ್ದ ಮೇಲೆ ಮರಳುವುದು ಬಹಳ ಕಷ್ಟ. ಅದಕ್ಕೆ ಮೊದಲು, ಅಂದರೆ ಸಂಗಾತಿಯನ್ನು ಗುರುತಿಸುವ ಸಂಕೇತವೊಂದೇ ಅವುಗಳನ್ನು ಬೇರ್ಪಡಿಸಿರುವ ಹಂತದಲ್ಲಿ, ಮತ್ತೆ ಒಂದಾಗುವುದು ಸಾಧ್ಯ. ಆಫ್ರಿಕದ ವಿಕ್ಟೋರಿಯಾ ಸರೋವರ ಸುಮಾರು 15,000 ವರ್ಷಗಳ ಹಿಂದೆ ಒಣಗಿಹೋಗಿತ್ತು. ಮತ್ತೆ ನೀರು ತುಂಬಿದ ಮೇಲೆ ಅದರಲ್ಲಿ ಸಿಕ್ಲಿಡ್ ಮೀನುಗಳ ಸುಮಾರು 500 ಪ್ರಭೇದಗಳು ರೂಪುಗೊಂಡವು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಇಷ್ಟು ವೇಗದ ಕವಲೊಡೆಯುವಿಕೆ ತೀರ ಅಪರೂಪ. ಅವುಗಳಲ್ಲಿ ಎಷ್ಟೋ ಪ್ರಭೇದಗಳು ಕೂಡಿದರೆ ಇಂದಿಗೂ ಫಲವತ್ತಾದ ಮರಿಗಳು ಹುಟ್ಟುತ್ತವೆ. ಹೆಣ್ಣುಮೀನು ಗಂಡಿನ ಮೈಬಣ್ಣವನ್ನು ನೋಡಿ ತನ್ನವನನ್ನು ಆರಿಸಿಕೊಳ್ಳುವುದರಿಂದ ಮಾತ್ರ ಅವು ಬೇರೆಬೇರೆಯಾಗಿ ಉಳಿದಿವೆ.

ಸುತ್ತಲಿನ ಕಾಡು ಕಡಿದದ್ದರಿಂದಲೂ ಹೊಲ ಮತ್ತು ಊರುಗಳ ಕೊಳೆ ಹರಿದು ಬಂದದ್ದರಿಂದಲೂ ಸರೋವರದ ನೀರು ಕದಡಿತು. ಓಲೆ ಸೀಹೌಸೆನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀರು ಹೆಚ್ಚು ಕದಡಿದ ಕಡೆಗಳಲ್ಲಿ ಗಂಡುಗಳ ಬಣ್ಣ ಮಂಕಾಗಿತ್ತು ಮತ್ತು ಪ್ರಭೇದಗಳ ಸಂಖ್ಯೆ ಕಡಿಮೆಯಾಗಿತ್ತು. ಬಣ್ಣ ಕಾಣದಿದ್ದಾಗ ಹೆಣ್ಣಿಗೆ ಆರಿಸಿಕೊಳ್ಳಲು ಆಧಾರ ಉಳಿಯುವುದಿಲ್ಲ, ಸಂಕರ ಹೆಚ್ಚುತ್ತದೆ, ಎರಡು ಪ್ರಭೇದಗಳು ಕಲೆತು ಒಂದಾಗುತ್ತವೆ. ಒಂದೇ ಒಂದು ಮೀನನ್ನೂ ಹಿಡಿಯದೆ, ಕೊಲ್ಲದೆ ಪ್ರಭೇದವೊಂದು ಇಲ್ಲವಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ. ಮಕ್ಕಳಿಗೆ ಇದನ್ನು ಹೇಳುವಾಗ ಚಾಳಕೇವಾಡಿಯ ಓತಿಯನ್ನೂ ನೆನಪಿಸಬಹುದು. ಅಲ್ಲಿನ ಗಾಳಿಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಕಡಿಮೆಯಾಗಿ ಓತಿಗಳ ಸಂಖ್ಯೆ ಹೆಚ್ಚಿದೆಯೆಂದೂ, ಆದರೆ ಅವುಗಳ ಕೊರಳ ಬಣ್ಣದ ಗಾಢತೆ ಕಡಿಮೆಯಿದೆಯೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದಾರೆ. ಇದು ಜೀನ್‌ಗಳಲ್ಲಿ ಆದ ಬದಲಾವಣೆಯೆಂದು ಹೇಳಲು ಬರುವುದಿಲ್ಲ. ಸಂಗಾತಿಯ ಆಯ್ಕೆಗೆ ಆಧಾರವಾದ ಗುಣ ಸುತ್ತಲಿನ ಬದಲಾವಣೆಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದನ್ನು ತೋರಿಸಲು ಮಾತ್ರ ಅದನ್ನು ಬಳಸಿ.